ಬ್ರಷ್ಷುಗಳಿಗೆ ನೀರೆರೆದ ಬೇಸಿಗೆ

ಮೊನ್ನೆ ಪಕ್ಕದ ಮನೆಯವರು ಕೂಸಿಗೆ ನೀರು ಹಾಕಲು ನನ್ನನ್ನು ಕರೆದರು. ಅವರ ಮಗಳು ಬಾಣಂತಿ. ದಿನಾ ನೀರು ಹಾಕುವ ಅಜ್ಜಿಗೆ ಜ್ವರ. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಕೊಬ್ಬರಿ ಎಣ್ಣೆ ತಿಕ್ಕಿ, ಮಕ್ಕಳ ಶಾಂಪೂವಿನ ಮುಚ್ಚಳ ತೆಗೆದೆ. ಎಣ್ಣೆಯ ವಾಸನೆಯೂ ಶಾಂಪೂವಿನ ವಾಸನೆಯೂ ಬೆಚ್ಚನೆಯ ನೀರಿನ ಹಬೆಯಲ್ಲಿ ಕೂಡಿದ್ದೇ ತಡ, ನಾನು ಅಲ್ಲೇ ನಕ್ಕುಬಿಟ್ಟೆ. ಬಾಣಂತಿ ಗಾಬರಿಯಾಗಿ, "ಯಾಕೆ ಆಂಟಿ, ಏನಾಯ್ತು?" ಅಂದಳು. ಏನಂತ ಹೇಳಲಿ? ಊರಿಗೆಲ್ಲ ಅದು ಕೂಸಿನ ವಾಸನೆ. ನನಗೊಬ್ಬಳಿಗೆ ಅದು ಮೇಕಪ್ ಬ್ರಷ್ಷಿನ ವಾಸನೆ. ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯ ವಾಸನೆ.

ನಮ್ಮದು ಹೊಳೆನರಸೀಪುರ. ನಮ್ಮ ಯಜಮಾನರು ತೆಂಗಿನಕಾಯಿ ಮಂಡಿಯಲ್ಲಿ ಕೆಲಸಕ್ಕಿದ್ದಾರೆ. ಮಗ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ಆ ಬೇಸಿಗೆಗೆ ಸೊಸೆ ರಂಜಿತಾ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮಲ್ಲಿಪಟ್ಟಣದ ಕಡೆಯ ಹುಡುಗಿ, ಬೇಸಾಯದ ಮನೆಯವಳು. ಹಾಸನದಲ್ಲಿ ಬ್ಯೂಟಿಷಿಯನ್ ಕೋರ್ಸು ಮಾಡಿಕೊಂಡು, ಮದುವೆ ಹೆಣ್ಣುಗಳಿಗೆ ಮೇಕಪ್ ಮಾಡಲು ಛತ್ರಗಳಿಗೆ ಹೋಗುತ್ತಿದ್ದಳು. ನನಗೆ ಈ ವಿದ್ಯೆ ತಿಳಿಯದು. ಮುಖಕ್ಕೆ ಅರಿಶಿನ, ಹಣೆಗೆ ಕುಂಕುಮ, ಚಳಿಗಾಲದಲ್ಲಿ ತುಟಿಗೆ ಒಂದಿಷ್ಟು ತುಪ್ಪ, ಅಲ್ಲಿಗೆ ನನ್ನ ಅಲಂಕಾರ ಮುಗಿಯಿತು. ಆದರೆ ಮದುವೆ ಹೆಣ್ಣನ್ನು ಸಿಂಗರಿಸುವುದು ಪುಣ್ಯದ ಕೆಲಸ ಅನ್ನುವಷ್ಟು ಗೊತ್ತಿತ್ತು. ಅವಳು ಮನೆಯಲ್ಲಿದ್ದರೂ ಎಲ್ಲರ ಮುಖ ನೋಡುತ್ತಲೇ ಇರುತ್ತಿದ್ದಳು. ಅಕ್ಕಿ ಆರಿಸುತ್ತಾ ಕೂತವಳು ತಲೆಯೆತ್ತಿ, "ಅತ್ತೆ, ನಿಮ್ಮ ಹುಬ್ಬು ಎಷ್ಟ್ ಚೆನ್ನಾಗವೆ ಗೊತ್ತಾ?" ಅಂದುಬಿಡುತ್ತಿದ್ದಳು. ಈ ವಯಸ್ಸಿನಲ್ಲಿ ನನಗೆ ಹುಬ್ಬಿದೆ ಅಂತ ನೆನಪು ಮಾಡಿಕೊಟ್ಟವಳು ಅವಳೇ.

ಆ ವರ್ಷ ಮಾಘದಲ್ಲಿ ಲಗ್ನಗಳು ಒಂದರ ಮೇಲೊಂದು ಬಿದ್ದವು. ಹಾಸನದಲ್ಲಿ ಆರತಕ್ಷತೆ ಮುಗಿಸಿ ಬಂದವಳು, ಬೆಳಗಾದರೆ ಅರಕಲಗೂಡಿನ ಮುಹೂರ್ತಕ್ಕೆ ಹೋಗಬೇಕಿತ್ತು. ಬ್ರಷ್ಷುಗಳನ್ನು ಗಡಿಬಿಡಿಯಲ್ಲಿ ತೊಳೆದಳು. ಆರಲು ಹೊತ್ತೆಲ್ಲಿ? ಒದ್ದೆ ಇದ್ದಂತೆಯೇ ಜಿಪ್ಪಿನ ಚೀಲಕ್ಕೆ ತುಂಬಿಕೊಂಡು ಹೊರಟಳು. ಅರಕಲಗೂಡಿನ ಹೆಣ್ಣಿಗೆ ಧಾರೆಯ ಹೊತ್ತಿಗೆ ಎರಡೂ ಕೆನ್ನೆಯ ಮೇಲೆ ಕೆಂಪಗೆ ಗುಳ್ಳೆ ಎದ್ದವು. ಫೋಟೋದವನು ಕ್ಯಾಮೆರಾ ಇಳಿಸಿ ನಿಂತನಂತೆ. ಹೆಣ್ಣಿನ ತಾಯಿ ತುಂಬಿದ ಛತ್ರದಲ್ಲಿ, "ಯಾರ್ಯಾರ ಮುಖ ಉಜ್ಜಿದ ಬ್ರಷ್ಷಲ್ಲಿ ನನ್ ಮಗಳ ಮುಖ ಬಳುದ್ಯವ್ವಾ?" ಅಂತ ಕೇಳಿದರಂತೆ. ಆ ಹುಡುಗಿ ಹಿಂದಿನ ದಿನ ಯಾರೋ ಕೊಟ್ಟ ಹೊಸ ಕ್ರೀಮು ಹಚ್ಚಿಕೊಂಡಿದ್ದಳು ಅಂತಲೂ ಆಮೇಲೆ ಕಿವಿಗೆ ಬಿತ್ತು. ಯಾವುದರಿಂದ ಆಯಿತೋ ಆ ನರಸಿಂಹಸ್ವಾಮಿಗೇ ಗೊತ್ತು. ಗುಳ್ಳೆಗಳು ಬೇಗ ಇಳಿದವು, ಮಾತು ಮಾತ್ರ ಇಳಿಯಲಿಲ್ಲ. ಅದು ಅರಕಲಗೂಡಿನಲ್ಲಿ ಬಸ್ಸು ಹತ್ತಿ ನಮ್ಮ ಬೀದಿಗೂ ಬಂದು ಇಳಿಯಿತು. ಮುಂದಕ್ಕೆ ಗೊತ್ತಾಗಿದ್ದ ಮದುವೆಗಳವರು ಒಬ್ಬೊಬ್ಬರೇ ಫೋನು ಮಾಡಿ, "ಬೇರೆಯವ್ರನ್ನ ನೋಡ್ಕೊಂಡಿದೀವಿ, ಬೇಜಾರ್ ಮಾಡ್ಕೋಬೇಡಿ" ಅಂದರು.

ರಂಜಿತಾ ಚೀಲವನ್ನು ಬೀರುವಿನ ಮೇಲೆ ಎತ್ತಿಟ್ಟಳು. "ಇನ್ನು ಅದನ್ನ ಮುಟ್ಟಲ್ಲ ಅತ್ತೆ" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ. ರಂಗೋಲಿ ಹಾಕುವಳು, ಮುದ್ದೆ ತಿರುವುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಆದರೆ ಮುಖ ನೋಡಿ ಬದುಕುವ ಹುಡುಗಿ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಊಟಕ್ಕೆ ಬಡಿಸುವಾಗಲೂ ಅವಳ ಕಣ್ಣು ತಟ್ಟೆಯ ಮೇಲೆಯೇ. ಮಗ ಏನೇನೋ ಸಮಾಧಾನ ಹೇಳಿ ಸೋತ. ನಾನು ಸಂಜೆ ದೀಪ ಹಚ್ಚುವಾಗ ಆ ದಿನದ ದಯೆಯನ್ನು ಸ್ವಾಮಿಗೆ ಒಪ್ಪಿಸುವವಳು. ನಲ್ಲಿಯಲ್ಲಿ ನೀರು ಬಂದದ್ದು, ಹಾಲು ಒಡೆಯದೆ ಉಳಿದದ್ದು, ಬಸ್ಸಿನಲ್ಲಿ ಸೀಟು ಸಿಕ್ಕಿದ್ದು, ಹೀಗೆ. ಆ ದಿನಗಳಲ್ಲಿ ನೀರಿನದನ್ನೂ ಹಾಲಿನದನ್ನೂ ಹೇಳಿ ಮುಗಿಸಿ, ಆ ಹುಡುಗಿ ಒಮ್ಮೆ ತಲೆಯೆತ್ತಲಿ ಸ್ವಾಮಿ, ಅಂತ ಸೇರಿಸುತ್ತಿದ್ದೆ.

ಯುಗಾದಿಗೆ ಮನೆ ತೊಳೆಯುವಾಗ ಬೀರುವಿನ ಮೇಲಿನ ಧೂಳು ಹೊಡೆಯಲು ಸ್ಟೂಲು ಹತ್ತಿದೆ. ಚೀಲ ಕೈಗೆ ಬಂತು. ಜಿಪ್ಪು ಎಳೆದರೆ ಒದ್ದೆ ಟವಲು ಮಡಿಸಿಟ್ಟಂಥ ಮುಗ್ಗಲು ವಾಸನೆ. ನಾನು ದೊಡ್ಡದೇನೂ ಯೋಚಿಸಲಿಲ್ಲ. ಹಬ್ಬದ ಮನೆಯಲ್ಲಿ ಮುಗ್ಗಲು ಇರಬಾರದು ಅನ್ನಿಸಿತು, ಅಷ್ಟೇ. ಹಿತ್ತಿಲಿಗೆ ಒಯ್ದು ಒಗೆಯುವ ಕಲ್ಲಿನ ಮೇಲೆ ಬ್ರಷ್ಷುಗಳನ್ನೆಲ್ಲ ಹರಡಿಕೊಂಡೆ. ಮೆತ್ತಗಿನವು, ಬಿರುಸಾದವು, ಪೊರಕೆಯಷ್ಟು ದಪ್ಪದವು, ಊದುಕಡ್ಡಿಯಷ್ಟು ಸಣ್ಣವು. ನಮ್ಮಲ್ಲಿ ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳ ಕಾಯಿಯ ನೊರೆಯೇ. ಇವಕ್ಕೂ ಅದನ್ನೇ ನೆನೆಸಿದೆ. ಒಳಗಿಂದ ನೋಡಿದ ರಂಜಿತಾ ಓಡಿ ಬಂದಳು.

"ಅತ್ತೆ! ಅಂಟುವಾಳನಾ? ಕಣ್ಣಿಗೆ ಹಚ್ಚೋ ಬ್ರಷ್ ಅದು, ಉರಿ ಕಿತ್ಕೊಂಡ್ ಬತ್ತದೆ!"

"ಅಂಗಾರೆ ಸೋಪಿನ್ ಪುಡಿ ಹಾಕ್ಲಾ?"

"ಅಯ್ಯೋ, ಕೂದ್ಲೆಲ್ಲ ತೆಂಗಿನ ನಾರ್ ಆಗೋಯ್ತದೆ."

"ಮತ್ತೆ ನೀನೇ ಹೇಳು. ಹಬ್ಬ ಇಟ್ಕಂಡು ಈ ವಾಸ್ನೆ ನಂಗಾಗಕಿಲ್ಲ."

ಅವಳು ಬಾಗಿಲಲ್ಲೇ ನಿಂತು ಹೇಳಿದಳು, ಮುಟ್ಟಲಿಲ್ಲ. ಶಾಂಪೂ ಮಕ್ಕಳದ್ದೇ ಆಗಬೇಕು, ಕಣ್ಣಿಗೆ ಉರಿಯದಂಥದ್ದು. ನೀರು ಉಗುರುಬೆಚ್ಚಗಿರಬೇಕು. ಬ್ರಷ್ಷಿನ ತಲೆ ಕೆಳಗೆ ಮಾಡಿಯೇ ಹಿಡಿಯಬೇಕು. ಕತ್ತಿನ ತಗಡಿನೊಳಗೆ ನೀರು ಇಳಿದರೆ ಅಂಟು ಬಿಟ್ಟು ಕೂದಲು ಉದುರುತ್ತದೆ, ಉದುರಿದ ಕೂದಲು ಹೆಣ್ಣಿನ ಮುಖಕ್ಕೇ ಅಂಟುತ್ತದೆ. ಪುಡಿ ಹಚ್ಚುವ ಬ್ರಷ್ಷಿಗೆ ಬರೀ ಶಾಂಪೂ ಸಾಕು. ಕ್ರೀಮು ಹಚ್ಚುವುದಕ್ಕೆ ಮೊದಲು ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಆಮೇಲೆ ನೊರೆ. ತಿಕ್ಕಬಾರದು, ಅಂಗೈಯಲ್ಲಿ ಮೆಲ್ಲಗೆ ಸುತ್ತಿಸಬೇಕು. ಹಿಂಡಿದ ನೀರು ತಿಳಿಯಾಗುವವರೆಗೂ ಬಿಡಬಾರದು.

ನಾನು ಸುತ್ತಿಸುತ್ತಾ ಹೋದೆ. ಅಂಗೈಯಿಂದ ಕಂದು ನೀರು ಇಳಿಯಿತು, ಗುಲಾಬಿ ನೀರು ಇಳಿಯಿತು, ಕಾಡಿಗೆಯ ಕಪ್ಪು ಇಳಿಯಿತು. ಎಷ್ಟು ಮನೆಯ ಹೆಣ್ಣುಮಕ್ಕಳ ಮದುವೆಯ ಬಣ್ಣವೋ ನಮ್ಮ ಹಿತ್ತಿಲ ದಾಸವಾಳದ ಬುಡಕ್ಕೆ ಹರಿಯಿತು. ನಡುವೆ ಒಂದು ಅನುಮಾನ ಬಂತು.

"ಲೇ ರಂಜಿತಾ, ಇದು ಯಾವ್ ಪ್ರಾಣಿ ಕೂದ್ಲು?"

"ಒಂದೆರಡು ಮೇಕೇದು ಅತ್ತೆ. ಮಿಕ್ಕಿದ್ದೆಲ್ಲ ನೈಲಾನು."

"ಮೇಕೆ ಆದ್ರೆ ಸರಿ. ನಮ್ಮನೆ ಅಡುಗೆಗೆ ಹೊಸದಲ್ಲ."

ಅವಳ ತುಟಿ ಸ್ವಲ್ಪ ಅಲುಗಿತು, ನಗು ಬರಲಿಲ್ಲ. ಕೊನೆಯ ನೀರಿಗೆ ಮಾತ್ರ ನಾನು ಅವಳನ್ನು ಕೇಳದೆ ಒಂದು ಚಿಟಿಕೆ ಅರಿಶಿನ ಹಾಕಿದೆ. ಮದುವೆ ಹೆಣ್ಣಿನ ಮುಖ ಮುಟ್ಟುವ ವಸ್ತುವಿಗೆ ಅರಿಶಿನ ಇಲ್ಲದಿದ್ದರೆ ಹೇಗೆ? ನಂಜಿಗೂ ಒಳ್ಳೆಯದು, ಶುಭಕ್ಕೂ ಒಳ್ಳೆಯದು. ಅದ್ದಿ ತೆಗೆದರೆ, ಆ ದಪ್ಪನೆಯ ಬಿಳೀ ಬ್ರಷ್ಷು, ಅವಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು, ಹುಗ್ಗಿಯ ಬಣ್ಣ ತಿರುಗಿತ್ತು. ರಂಜಿತಾ ಬಾಗಿಲು ಬಿಟ್ಟು ಇಳಿದು ಬಂದಳು. ಕೈಗೆ ತೆಗೆದುಕೊಂಡಳು. ಬ್ರಷ್ಷನ್ನು ನೋಡಿದಳು, ನನ್ನನ್ನು ನೋಡಿದಳು.

"ಅತ್ತೆ... ಬ್ರಷ್ಷಿಗೇ ಅರಿಶಿನ ಶಾಸ್ತ್ರ ಮಾಡ್ಬುಟ್ರಲ್ಲ!"

ಜಗಲಿಯಿಂದ ನಮ್ಮ ಯಜಮಾನರ ದನಿ ಬಂತು: "ಇನ್ನೇನು, ತಾಳಿ ಕಟ್ಟೋದೊಂದು ಬಾಕಿ. ಗಂಡು ಬ್ರಷ್ ನೋಡ್ಲಾ?"

ಆಗ ನಕ್ಕಳು ನೋಡಿ. ಸೆರಗಿಗೆ ಬಾಯಿ ಒತ್ತಿಕೊಂಡು, ಒಗೆಯುವ ಕಲ್ಲಿನ ಮೇಲೆ ಕೂತು ನಕ್ಕಳು. ಸಂಜೆ ಸ್ವಾಮಿಗೆ ಬೇರೆ ಯಾವ ದಯೆಯನ್ನೂ ಹೇಳಲಿಲ್ಲ.

ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ, ಅದು ಎಲ್ಲ ಗೃಹಿಣಿಯರಿಗೂ ಗೊತ್ತು. ಬಿಸಿಲಿಗಿಟ್ಟರೆ ಕೂದಲು ಬಿರುಸಾಗುತ್ತದೆ, ಅದು ಅವಳಿಗೆ ಗೊತ್ತು. ಕೊನೆಗೆ ಎಳೆಬಿಸಿಲು ಸಾಕು ಅಂತ ರಾಜಿಯಾದೆವು. ತಾರಸಿಯಲ್ಲಿ ಸಂಡಿಗೆಯ ಪಕ್ಕ ಒಂದು ಬ್ರಷ್ಷು. ಕಾಗೆಯಿಂದ ಎರಡನ್ನೂ ಕಾಯಬೇಕು. ಹಳದಿ ದಿನದಿಂದ ದಿನಕ್ಕೆ ಮಾಸಿ ಬಿಳುಪಿಗೆ ಬಂತು. ಉಳಿದವನ್ನು ಹಜಾರದಲ್ಲಿ ಒಂದು ದಾರ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ತಲೆ ಕೆಳಗಾಗಿ ತೂಗುಹಾಕಿದೆ. ಹಾಗೆ ಹಾಕಿದರೆ ನೀರೆಲ್ಲ ತುದಿಗೆ ಇಳಿದು ಹೋಗುತ್ತದೆ. "ಏನೇ ಇದು, ಬಾವಲಿ ಸಾಕಿದ್ದೀಯಾ?" ಅಂದರು ಯಜಮಾನರು. ಪೂರಾ ಆರುವವರೆಗೆ ಚೀಲ ಮುಟ್ಟಬಾರದು ಅಂತ ನಾನೇ ಕಟ್ಟಳೆ ಮಾಡಿದೆ.

ಆದರೂ ಅವಳು ಕೆಲಸಕ್ಕೆ ಹೋಗಲಿಲ್ಲ, ಯಾರೂ ಕರೆಯಲಿಲ್ಲ. ನಾನು ವಾರವಾರವೂ ತೊಳೆದೆ. "ಯಾರ್ ಮುಖನೂ ಮುಟ್ಟದ ಬ್ರಷ್ಷನ್ನ ಯಾಕೆ ತೊಳೀತೀರಾ?" ಅಂತ ಕೇಳಿದಳು. "ದೇವ್ರ ಪಾತ್ರೆ ದಿನಾ ತೊಳೆಯಕಿಲ್ವಾ? ಅದ್ರಲ್ಲಿ ಯಾರ್ ಉಂಡಿರ್ತಾರೆ?" ಅಂದೆ.

ಚೈತ್ರ ಮುಗಿಯುವ ಹೊತ್ತಿಗೆ ಕಟ್ಟಾಯದಿಂದ ನಮ್ಮಣ್ಣ ಬಂದ. ಅದು ನನ್ನ ತವರು. ಬೇಸಿಗೆಯಲ್ಲಿ ಹೊಲದ ಕೆಲಸ ಇಲ್ಲದಾಗ ಊರಿನ ಗಂಡಸರು ಕೂಡಿ ಪೌರಾಣಿಕ ನಾಟಕ ಆಡುತ್ತಾರೆ. ಆ ವರ್ಷ ಬಣ್ಣ ಹಚ್ಚುವ ಮೇಷ್ಟ್ರು ಮೊಪೆಡ್ಡಿನಿಂದ ಬಿದ್ದು ಕೈಗೆ ಪಟ್ಟಿ ಹಾಕಿಸಿಕೊಂಡಿದ್ದರು.

"ಸೀನರಿಯೋರು ಬತ್ತಾವ್ರೆ, ಆರ್ಮೋನಿಯಮ್ಮೋರು ಬತ್ತಾವ್ರೆ. ಮುಖಕ್ ಬಣ್ಣ ಅಚ್ಚೋರೇ ಇಲ್ಲ ಕಣಮ್ಮಿ. ನಿನ್ ಸೊಸೆ ಕಳ್ಸು" ಅಂದ.

ರಂಜಿತಾ ತಲೆ ತಗ್ಗಿಸಿಕೊಂಡೇ, "ಮಾವ, ನಾನು ಹೆಣ್ಮಕ್ಕಳಿಗೆ ಮಾಡೋಳು" ಅಂದಳು.

"ಮುಖ ಮುಖನೇ ಕಣ್ ಮಗ. ನಮ್ದೇನು ಅಲಸಿನಣ್ಣಾ?"

"ನನ್ ಸುದ್ದಿ ಕೇಳಿಲ್ವಾ ನೀವು?"

"ಕೇಳಿವ್ನಿ ಬುಡು. ನಮ್ಗೆ ಗುಳ್ಳೆ ಎದ್ರೆ ನೋಡೋರ್ ಯಾರು? ನಾಕ್ ದಿನಕ್ಕೆ ಗಡ್ಡದೊಳಗೆ ಮುಚ್ಚೋಯ್ತದೆ."

ಅವಳು ನನ್ನ ಕಡೆ ನೋಡಿದಳು. "ನಾನೂ ಬತ್ತೀನಿ. ತೊಳೆಯೋ ಕೆಲ್ಸ ನಂದು" ಅಂದೆ.

ನಾಟಕದ ದಿನ ಮಧ್ಯಾಹ್ನದಿಂದಲೇ ಶಾಲೆಯ ಜಗಲಿಯಲ್ಲಿ ಕೆಲಸ ಶುರುವಾಯಿತು. ಬಿಸಿಲಲ್ಲಿ ದುಡಿದ ಮುಖಗಳು, ಆಗಷ್ಟೇ ಕ್ಷೌರ ಮಾಡಿಸಿಕೊಂಡು, ಹೆಗಲಿಗೆ ಟವಲು ಹಾಕಿಕೊಂಡು ಸಾಲಾಗಿ ಕೂತಿದ್ದವು. ಹಿಂದೆಲ್ಲ ಒಂದೇ ಸ್ಪಂಜು ಇಡೀ ಸಾಲಿನ ಮುಖದ ಮೇಲೆ ಓಡುತ್ತಿತ್ತಂತೆ. ರಂಜಿತಾ ಒಂದು ಮುಖ ಮುಗಿಸಿ ಬ್ರಷ್ಷನ್ನು ನನ್ನ ಕೈಗೆ ಕೊಡುವಳು. ತೊಳೆದು ಆರಿಸಲು ಅಲ್ಲಿ ಹೊತ್ತಿಲ್ಲ. ಬೇಗ ಆರುವ ಒಂದು ದ್ರಾವಣ ತಂದಿದ್ದಳು, ಅದರಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಒರೆಸಿ, ಬಟ್ಟೆಗೆ ಬಣ್ಣ ಹತ್ತುವುದು ನಿಂತ ಮೇಲೆ ಗಾಳಿಗೆ ಹಿಡಿದು ಕೊಡುವುದು ನನ್ನ ಕೆಲಸ. ರಾಜನ ಪಾತ್ರದ ನಂಜೇಗೌಡರಿಗೆ ತಾಳ್ಮೆ ಹೋಯಿತು.

"ಇಂಗೆ ಒಬ್ಬೊಬ್ರಿಗೂ ಒರ್ಸಿ ಒರ್ಸಿ ಅಚ್ಚಿದ್ರೆ ನಾಟ್ಕ ಸುರುವಾಗೋದು ನಾಳಿಕ್ಕೆ ಕಣ್ ತಾಯಿ."

ರಂಜಿತಾ ಅವರ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಬಾಯ್ ಮುಚ್ಚಿ ಗೌಡ್ರೆ. ಮಾತಾಡಿದ್ರೆ ಮೀಸೆ ಸೊಟ್ಟ ಆಯ್ತದೆ."

ಜಗಲಿಯೆಲ್ಲ ನಕ್ಕಿತು. "ಮಾರಾಜ್ರ ಬಾಯಿ ಮುಚ್ಸೋರು ಒಬ್ರು ಸಿಕ್ಕುದ್ರು ಕಣ್ಲಾ!" ಅಂತ ನಮ್ಮಣ್ಣ ಕೂಗಿದ. ಗೌಡರು ಕಣ್ಣು ಮುಚ್ಚಿ ಕೂಸಿನಂತೆ ಕೂತರು. ನಾನು ನೋಡಿದ್ದು ಅವರನ್ನಲ್ಲ. ನಮ್ಮ ಹುಡುಗಿ ಕಣ್ಣು ಕಿರಿದು ಮಾಡಿಕೊಂಡು, ಒಬ್ಬ ಮನುಷ್ಯನ ಮುಖವನ್ನು ಅಂಗುಲ ಅಂಗುಲವಾಗಿ ಓದುತ್ತಿದ್ದಳು.

ಆ ಗಲಾಟೆಯಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ಬಿದ್ದ ಮೀಸೆ ಅಂಟಿಸಿಕೊಳ್ಳಲು ಕಣ್ಣಂಚು ಬರೆಯುವ ಸಣ್ಣ ಬ್ರಷ್ಷನ್ನೇ ಗೋಂದಿಗೆ ಅದ್ದಿಬಿಟ್ಟಿದ್ದ. ಮನೆಗೆ ಬಂದು ನೋಡಿದರೆ ಅದು ಮುಳ್ಳಿನ ಹಾಗೆ ನಿಂತಿತ್ತು. ಬಿಸಾಡಿ ಅಂದಳು. ನಾನು ಬಿಸಾಡಲಿಲ್ಲ. ಅಡುಗೆ ಮಾಡಿಕೊಳ್ಳುತ್ತಲೇ ಆಗಾಗ ತುದಿಗೆ ಕೊಬ್ಬರಿ ಎಣ್ಣೆ ಸವರಿ ಬೆರಳಲ್ಲಿ ನೀವುತ್ತಿದ್ದೆ. ಸಾರು ಕುದಿಯುವ ಹೊತ್ತಿಗೆ ಒಂದು ಕೂದಲು ಬಿಟ್ಟುಕೊಂಡಿತು, ಪಲ್ಯ ಇಳಿಸುವಾಗ ಇನ್ನೊಂದು. ಸಂಜೆಗೆ ಹೊಸದರಂತೆ ಬಾಗತೊಡಗಿತು. ಅದೂ ಒಂದು ದಯೆಯೇ.

ಕೆಲವು ದಿನ ಕಳೆದು ನಂಜೇಗೌಡರು ಸ್ಕೂಟರಿನಲ್ಲಿ ಒಂದು ದೊಡ್ಡ ಹಲಸಿನ ಹಣ್ಣು ಇಟ್ಟುಕೊಂಡು ಬಂದರು. ಹಣ್ಣನ್ನು ಜಗಲಿಯಲ್ಲಿ ಇಳಿಸಿ, ರಂಜಿತಾಳನ್ನು ಕರೆದು, ತಮ್ಮ ಕೆನ್ನೆ ತೋರಿಸಿದರು.

"ನೋಡವ್ವ. ವರ್ಸಾ ವರ್ಸಾ ನಾಟ್ಕ ಆದ್ಮೇಲೆ ವಾರಗಟ್ಲೆ ಕೆನ್ನೆ ಉರಿ, ಕೆರೆತ. ಈ ಸಲ ಏನೂ ಇಲ್ಲ. ವೈಶಾಖದಲ್ಲಿ ನಮ್ ಮಗಳ ಮದ್ವೆ, ಚನ್ನರಾಯಪಟ್ಟಣದಲ್ಲಿ. ನೀನೇ ಬರ್ಬೇಕು."

ರಂಜಿತಾ ಕಂಬ ಹಿಡಿದು ನಿಂತಳು. "ಗೌಡ್ರೆ, ಅರಕಲಗೂಡಲ್ಲಿ ಏನಾಯ್ತು ಅಂದ್ರೆ..."

"ಗೊತ್ತು. ನಮ್ಮಕ್ಕನ್ನ ಕೊಟ್ಟಿರೋದು ಅರಕಲಗೂಡಿಗೇಯ. ಆ ಮದ್ವೇಲಿ ಉಂಡ್ ಬಂದವ್ಳೆ ಅವ್ಳು. ಆ ಹುಡ್ಗಿ ಬ್ಯಾಡ ಅಂತ್ಲೇ ಕುಣೀತಾವ್ಳೆ. ಕುಣೀಲಿ. ಮುಖ ನಂದು, ನೋಡಿರೋನು ನಾನು."

ಅವಳು ಒಪ್ಪಿದಳೋ ಇಲ್ಲವೋ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಗೌಡರು ಹೋದ ಮೇಲೆ ಹಿತ್ತಿಲಿಗೆ ಹೋಗಿ, ಮಾಘದಿಂದೀಚೆಗೆ ಮೊದಲ ಸಲ, ತಾನೇ ಬ್ರಷ್ಷುಗಳಿಗೆ ನೀರು ಹಾಕಲು ಕೂತಳು. ನಾನು ಪಕ್ಕದಲ್ಲಿ ಕೂತೆ.

ಚನ್ನರಾಯಪಟ್ಟಣದ ಛತ್ರವನ್ನು ನಾವು ಮುಟ್ಟಿದಾಗ ಇನ್ನೂ ಬೆಳಗಿನ ತಂಪಿತ್ತು. ಹೆಣ್ಣಿನ ಕೋಣೆಯಲ್ಲಿ ಹೂವು, ಪೆಟ್ಟಿಗೆ, ಕಾಫಿ ಲೋಟ, ಹೆಂಗಸರು. ರಂಜಿತಾ ಬಿಳೀ ಟವಲು ಹಾಸಿ ಬ್ರಷ್ಷುಗಳನ್ನು ಜೋಡಿಸುತ್ತಿದ್ದಳು. ಆಗ ಬಂದರು ಗೌಡರ ಅಕ್ಕ ಜಯಮ್ಮ. ಎತ್ತರದ ಹೆಂಗಸು, ದೊಡ್ಡ ಮೂಗುಬೊಟ್ಟು, ಸೊಂಟಕ್ಕೆ ಬೀಗದ ಕೈ. ಬಾಗಿಲಲ್ಲೇ ನಿಂತು, "ಇವ್ಳೇ ಅಲ್ವೇನ್ರೇ ಆ ಹುಡ್ಗಿ?" ಅಂದರು. ಮದುವೆ ಹೆಣ್ಣು ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು.

ರಂಜಿತಾ ಕೈಯಲ್ಲಿದ್ದ ಬ್ರಷ್ಷನ್ನು ಟವಲಿನ ಮೇಲೆ ಇಟ್ಟುಬಿಟ್ಟಳು. ಇಲ್ಲಿಂದ ಎದ್ದು ಬಂದರೆ ಈ ಹುಡುಗಿ ಇನ್ನು ಯಾವತ್ತೂ ಯಾರ ಮುಂದೆಯೂ ಕೂರುವುದಿಲ್ಲ ಅಂತ ಮನಸ್ಸಿಗೆ ಹೊಳೆಯಿತು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಎದ್ದು ನಿಂತಳು.

"ಹೌದಮ್ಮ, ನಾನೇ. ಅವತ್ತು ಬ್ರಷ್ಷು ಒದ್ದೆ ಇದ್ವು, ಹಂಗೇ ಚೀಲಕ್ಕೆ ತುಂಬಿದ್ದೆ. ಅದ್ರಿಂದ್ಲೇ ಗುಳ್ಳೆ ಆಯ್ತೋ ಇಲ್ವೋ ನಂಗೆ ಗೊತ್ತಿಲ್ಲ. ಇವತ್ತು ಇವು ಒಣಗವೆ. ನಂಬ್ಕೆ ಬರ್ದಿದ್ರೆ ಮೊದ್ಲು ನಿಮ್ ಮುಖಕ್ಕೇ ಹಚ್ತೀನಿ, ಕೂತ್ಕೊಳ್ಳಿ."

ಯಾರೋ ಕಿಸಕ್ಕೆಂದರು. ಜಯಮ್ಮ ಟವಲಿನ ಮೇಲಿಂದ ಒಂದು ಬ್ರಷ್ಷನ್ನು ಎತ್ತಿಕೊಂಡು ಮೂಗಿಗೆ ಹಿಡಿದರು. ಕೂದಲು ಅಗಲಿಸಿ ಬುಡ ನೋಡಿದರು. ಮುಂಗೈ ಮೇಲೆ ಎಳೆದುಕೊಂಡರು, ಆಮೇಲೆ ಕೆನ್ನೆಯ ಮೇಲೆ ಮೆಲ್ಲಗೆ ಒಂದು ಸಲ, ಇನ್ನೊಂದು ಸಲ.

"ಎಳೇ ಕರೂನ ಮುಟ್ಟಿದಂಗಾಯ್ತದೆ" ಅಂದುಕೊಂಡರು ತಮ್ಮಷ್ಟಕ್ಕೇ. ಹೆಣ್ಣನ್ನು ಎಬ್ಬಿಸಿ ಆ ಕುರ್ಚಿಯಲ್ಲಿ ತಾವೇ ಕೂತರು. "ಊಂ, ಅಚ್ಚು. ನೋಡೇಬುಡಾನ."

ಜೀವಮಾನದಲ್ಲಿ ಅವರ ಮುಖಕ್ಕೆ ಯಾರೂ ಅಲಂಕಾರ ಮಾಡಿರಲಿಲ್ಲವಂತೆ. ಅವರ ಮದುವೆಯಲ್ಲೂ ಅರಿಶಿನ, ಕುಂಕುಮ, ಕಾಡಿಗೆ, ಅಷ್ಟೇ. ರಂಜಿತಾ ಹೆಚ್ಚೇನೂ ಹಚ್ಚಲಿಲ್ಲ. ಮುಗಿಸಿ ಕನ್ನಡಿ ಹಿಡಿದಳು. ಜಯಮ್ಮ ಆ ಕಡೆ ತಿರುಗಿದರು, ಈ ಕಡೆ ತಿರುಗಿದರು. ಬಾಗಿಲಲ್ಲಿ ಇಣುಕಿದ ಅವರ ಯಜಮಾನರು ಗುರುತು ಹತ್ತದೆ, "ನಮ್ಮನೆಯೋಳು ಇಲ್ ಬಂದ್ಲಾ?" ಅಂತ ಅವರನ್ನೇ ಕೇಳಿದಾಗ ಕೋಣೆಗೆ ಕೋಣೆಯೇ ಹೊರಳಾಡಿ ನಕ್ಕಿತು.

"ಹೆಣ್ಣನ್ನ ಕೂರ್ಸ್ರೇ, ಹೊತ್ತಾಯ್ತದೆ" ಅಂತ ಜಯಮ್ಮ ಎದ್ದರು. ಗುಳ್ಳೆ ಏಳುತ್ತದೋ ಏನೋ, ಸ್ವಲ್ಪ ಹೊತ್ತು ನೋಡಿಕೊಂಡು ಆಮೇಲೆ ಹೆಣ್ಣಿಗೆ ಹಚ್ಚೋಣ ಅಂತ ಯಾರೂ ಹೇಳಲಿಲ್ಲ. ರಂಜಿತಾ ಹೆಣ್ಣಿನ ಗಲ್ಲ ಎತ್ತಿ ಹಿಡಿದು, ಹಿಂದಕ್ಕೆ ತಿರುಗದೆಯೇ ನನ್ನ ಕಡೆ ಕೈ ಚಾಚಿದಳು. "ಅತ್ತೆ, ಬೇರೆ ಬ್ರಷ್ ಕೊಡಿ."

ಧಾರೆಯ ಹೊತ್ತಿಗೆ ಇಬ್ಬರೂ ಮಂಟಪದ ಪಕ್ಕ ಬಂದು ನಿಂತೆವು. ಗಟ್ಟಿಮೇಳ ಎದ್ದಿತು. ಎಲ್ಲರೂ ತಾಳಿಯನ್ನು ನೋಡುತ್ತಿದ್ದರು. ನಾನು ಹೆಣ್ಣಿನ ಕೆನ್ನೆಯನ್ನು ನೋಡುತ್ತಿದ್ದೆ. ನೋಡುನೋಡುತ್ತಲೇ ಕೆನ್ನೆ ಕೆಂಪಗಾಯಿತು. ಸ್ವಾಮಿ, ಮತ್ತೆ ಬೇಡ, ಅಂದುಕೊಳ್ಳುತ್ತಾ ಪಕ್ಕಕ್ಕೆ ತಿರುಗಿದರೆ, ರಂಜಿತಾಳ ಕಣ್ಣೂ ಅಲ್ಲೇ ಇತ್ತು. ಅವಳು ನನ್ನ ಕೈ ಹಿಡಿದುಕೊಂಡಳು.

"ಹೆದ್ರಬೇಡಿ ಅತ್ತೆ. ಗಂಡು ಕಿವೀಲಿ ಏನೋ ಅಂದ. ಅದು ನಾಚ್ಕೆ."

ಮತ್ತೆ ನೋಡಿದೆ. ಹೌದು, ಹೆಣ್ಣು ತುಟಿ ಕಚ್ಚಿ ನಗು ತಡೆದುಕೊಳ್ಳುತ್ತಿದ್ದಳು. ಛತ್ರದವರೆಲ್ಲ ಅಕ್ಷತೆ ಹಾಕಿ ಊಟದ ಕಡೆ ಹೊರಟಿದ್ದರು. ನನ್ನ ಅಕ್ಷತೆ ಇನ್ನೂ ಮುಷ್ಟಿಯಲ್ಲೇ ಬೆವರಿಗೆ ಅಂಟಿಕೊಂಡಿತ್ತು. ಅಂಗೈ ಬಿಡಿಸಿ, ಅರ್ಧವನ್ನು ಆ ಹೆಣ್ಣುಗಂಡಿನ ಮೇಲೆ ಹಾಕಿದೆ. ಉಳಿದರ್ಧವನ್ನು, ಯಾರೂ ನೋಡದ ಹಾಗೆ, ನನ್ನ ಸೊಸೆಯ ತಲೆಯ ಮೇಲೆ.